ಒದ್ದೆ ಟವೆಲಿನ ಇನ್ನೊಂದು ತುದಿ

ಮೂಲೆಯ ಮೂರು ಕುರ್ಚಿ ಸಲೂನಿನ ಯಜಮಾನರು ಹುಟ್ಟಿದಾಗಿನಿಂದ ಯಾರಿಗೂ ‘ಹೂಂ’ ಅಂದವರಲ್ಲ. ಅವರ ಬಾಯಿಂದ ನಾನು ಒಂದೇ ಒಂದು ಮಾತಿನಲ್ಲಿ ‘ಹೂಂ’ ಅನ್ನಿಸಿದ್ದೇನೆ. ನನ್ನ ಮಾತು ಮುಗಿಯುವಷ್ಟರಲ್ಲಿ ಅಂಗಡಿಯ ಕನ್ನಡಿಗಳು ತಲೆದೂಗಿದವು, ಕತ್ತರಿಗಳು ಚಪ್ಪಾಳೆ ತಟ್ಟಿದವು, ಎದುರು ಸಾಲಿನ ಶಟರುಗಳು ಯಾರೂ ಮುಟ್ಟದೆ ಗಡಗಡನೆ ಮೇಲೆದ್ದವು. ನಂಬದವರು ಆ ಶಟರುಗಳನ್ನೇ ಕೇಳಿಕೊಳ್ಳಬಹುದು. ವಿವರ ಆಮೇಲೆ. ಈ ಸಾಹಸ ಯಾರಿಗಾಗಿ ಮಾಡಿದೆನೋ, ಮೊದಲು ಅವರನ್ನು ನೋಡೋಣ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಂಗಡಿ ಸಾಲಿನ ಹಿಂದಿನ ಓಣಿ. ಮುಂದಿನ ಬೀದಿಯಲ್ಲಿ ಗಾಜು, ಬಣ್ಣದ ಬೋರ್ಡು, ದೀಪ. ಇಲ್ಲಿ ಖಾಲಿ ಡಬ್ಬಗಳು, ಸೋರುವ ನಲ್ಲಿ, ಕಾಲು ಮುರಿದ ಸ್ಟೂಲು. ವ್ಯಾಯಾಮಶಾಲೆಯ ಯಜಮಾನರು ಹಿಂಬಾಗಿಲಲ್ಲಿ ಬಕೆಟ್ ಇಟ್ಟುಕೊಂಡು ದಪ್ಪನೆಯ ಟರ್ಕಿ ಟವೆಲ್ ಹಿಂಡುತ್ತಿದ್ದಾರೆ. ಒಂದೊಂದು ತೋಳೂ ನನ್ನ ಸೊಂಟದಷ್ಟಿದೆ. ಆದರೂ ಟವೆಲ್ ಜಾರುತ್ತದೆ, ನೀರು ಮೊಣಕೈಗುಂಟ ಇಳಿದು ಬನಿಯನ್ ಒದ್ದೆಯಾಗುತ್ತದೆ. ಅಷ್ಟರಲ್ಲಿ ಕತ್ತಲಿಂದ ಎರಡು ಕೈಗಳು ಬಂದು ಟವೆಲಿನ ಇನ್ನೊಂದು ತುದಿ ಹಿಡಿಯುತ್ತವೆ.

ಪೈಲ್ವಾನರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಹಾರುತ್ತಾರೆ. “ಯಾರ್ರೀ ನೀವು?”

“ನೀವು ಆ ಕಡೆ ತಿರುಗ್ಸಿ ಅಣ್ಣಾ, ನಾನು ಈ ಕಡೆ.”

ಇಬ್ಬರೂ ತಿರುಚುತ್ತಾರೆ. ಬಕೆಟ್ಟಿಗೆ ಧೋ ಎಂದು ನೀರು ಬೀಳುತ್ತದೆ. “ಅಯ್ಯೋ, ಇಷ್ಟೊಂದು ನೀರು ಉಳ್ಕೊಂಡಿತ್ತಾ ಇದ್ರಲ್ಲಿ!” ಪೈಲ್ವಾನರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆಕೆ ಟವೆಲ್ ಕೊಡವಿ ಹಗ್ಗದ ಮೇಲೆ ಹಾಕಿ, ಒಂದೇ ಪ್ರಶ್ನೆ ಕೇಳುತ್ತಾರೆ: “ದಿನಾ ನೀವೇ ಒಗೀತೀರಾ?”

ಅಷ್ಟು ಸಾಕು. ಪೈಲ್ವಾನರ ಬೆನ್ನುನೋವು, ಒಣಗದ ಟವೆಲಿನ ಮುಗ್ಗಲು ವಾಸನೆ, ಮೂಗು ಮುಚ್ಚಿಕೊಂಡು ಹೋದ ಗಿರಾಕಿ, ‘ನನ್ನ ಕೈಲಾಗಲ್ಲ’ ಎಂದ ಹೆಂಡತಿ, ಎಲ್ಲವೂ ಹೊರಗೆ ಬರುತ್ತವೆ. ಆಕೆ ಕೇಳಿಸಿಕೊಂಡು ಹೇಳುತ್ತಾರೆ: “ನಮ್ಮ ಹತ್ರ ಒಗೆಯೋ ಮಿಷಿನ್ ಇದೆ. ಎಲ್ಲಾ ಬೇಡ, ಎರಡೇ ಎರಡು ಟವೆಲ್ ಕೊಟ್ಟು ನೋಡಿ. ನಾಳೆ ಇಷ್ಟೊತ್ತಿಗೆ ತರ್ತೀನಿ. ಮೂಸಿ ನೋಡಿ, ಆಮೇಲೆ ಮಾತಾಡೋಣ.”

ಪೇಪರಿನ ಪುರವಣಿಗೆ ಇವರ ಬಗ್ಗೆ ಬರೆಯಲೆಂದು ನೀರಿನ ಡ್ರಮ್ಮಿನ ಹಿಂದೆ ನಿಂತಿದ್ದ ನಾನು ದಂಗಾಗಿ ಟೋಪಿ ಬೀಳದಂತೆ ಹಿಡಿದುಕೊಳ್ಳುತ್ತೇನೆ. ‘ಊರಿಗೇ ಮೊದಲು’ ಎಂಬ ಒಂದು ಮಾತಿಲ್ಲ! ‘ಹಾಲಿನಂಥ ಬಿಳುಪು’ ಎಂಬ ಸಣ್ಣ ಸುಳ್ಳೂ ಇಲ್ಲ! ಹೀಗೂ ವ್ಯಾಪಾರ ಕೇಳುವುದುಂಟೆ?

ಅಂಗಡಿಯವರೆಲ್ಲ ಇವರನ್ನು ಕರೆಯುವುದು ಟವೆಲಕ್ಕ ಎಂದು. ಓಣಿಯ ತುದಿಯ ಲಾಂಡ್ರಿ ಇವರ ಅತ್ತಿಗೆಯದು, ಅಂದರೆ ಅಣ್ಣನ ಹೆಂಡತಿಯದು. ಸಲೂನು, ಬೇಕರಿ, ಪಾರ್ಲರು, ಹಲ್ಲಿನ ಡಾಕ್ಟರ ಕ್ಲಿನಿಕ್ಕು ಹೀಗೆ ಪುಟ್ಟ ಪುಟ್ಟ ಕಡೆ ಹೋಗಿ ‘ನಿಮ್ಮ ಬಟ್ಟೆ ನಮಗೆ ಕೊಡಿ’ ಎಂದು ಕೇಳುವುದು ಟವೆಲಕ್ಕನ ಕೆಲಸ. ದಿನಕ್ಕೆ ಸಾವಿರ ಬಾಗಿಲು ತಟ್ಟುತ್ತಾರೆ ಎಂದು ಬರೆದುಕೊಳ್ಳುತ್ತೇನೆ. ಅವರು ಪಕ್ಕದಿಂದ ಇಣುಕುತ್ತಾರೆ.

“ಸಾವಿರಾನಾ? ಹತ್ತೋ ಹನ್ನೆರಡೋ ಬರ್ಕೊಳ್ಳಿ ಸಾರ್. ಅದ್ರಲ್ಲಿ ಒಬ್ಬರೋ ಇಬ್ಬರೋ ನಿಂತು ಮಾತಾಡ್ತಾರೆ. ಮಿಕ್ಕೋರು ಹಿಂಗೆ ಕೈ ಆಡಿಸ್ತಾರೆ, ನೊಣ ಓಡಿಸ್ದಂಗೆ.”

ಸಾವಿರ ಹೊಡೆದುಹಾಕಿ ಒಂಬೈನೂರು ಎಂದು ತಿದ್ದುತ್ತೇನೆ. ನನಗೂ ಒಂದು ಮರ್ಯಾದೆ ಇದೆಯಲ್ಲ.

ಲಾಂಡ್ರಿ ಎಂದರೆ ತಗಡಿನ ಮಾಡಿನ ಒಂದೇ ಉದ್ದನೆಯ ಕೋಣೆ. ಒಂದು ಗೋಡೆಗೆ ಇಸ್ತ್ರಿ ಮೇಜು, ಇನ್ನೊಂದಕ್ಕೆ ಮಡಿಸಿದ ಬಟ್ಟೆಯ ಕಪಾಟು, ಮಧ್ಯೆ ಹೆಂಗಸರು ‘ಆನೆ’ ಎಂದು ಕರೆಯುವ ದೊಡ್ಡ ಮಿಷಿನ್ನು. ಮೊದಲು ಲಾಡ್ಜಿನ ಹಾಸಿಗೆ ಬಟ್ಟೆಯೇ ಆನೆಯ ಹೊಟ್ಟೆ ತುಂಬಿಸುತ್ತಿತ್ತು. ಒಂದು ಬೆಳಿಗ್ಗೆ ಬಟ್ಟೆಯ ಗಂಟು ಬರಲಿಲ್ಲ. ಲಾಡ್ಜಿನವರು ತಮ್ಮದೇ ಮಿಷಿನ್ನು ತಂದಿದ್ದರು. ಮುಂಚೆ ಒಂದು ಮಾತು ಹೇಳಿರಲಿಲ್ಲ.

“ಎದೆ ಒಡೆದುಹೋಯ್ತು ಸಾರ್,” ಎನ್ನುತ್ತಾರೆ ಅತ್ತಿಗೆ. “ಆನೆ ಬಾಯಿ ತಕ್ಕೊಂಡು ನಿಂತಿದೆ, ಹಾಕೋಕೆ ಒಂದು ಕರ್ಚೀಫ್ ಇಲ್ಲ. ಮಾರಿಬಿಡ್ತೀನಿ, ಎಲ್ಲರೂ ಬೇರೆ ಕೆಲಸ ನೋಡ್ಕೊಳ್ರಮ್ಮ ಅಂದೆ. ಆಗ ಇವಳು ಬಾಯಿ ಬಿಟ್ಳು ನೋಡಿ. ‘ನಾನು ಹೋಗಿ ಕೇಳ್ತೀನಿ ಅತ್ತಿಗೆ’ ಅಂತ. ನನಗೆ ನಗು ಬಂತು. ಇವಳ್ಯಾರು ಅಂದ್ಕೊಂಡ್ರಿ? ಬಸ್ಸಲ್ಲಿ ‘ಸ್ಟಾಪ್ ಬಂತು, ನಿಲ್ಸಿ’ ಅನ್ನೋಕೆ ನಾಚ್ಕೊಂಡು ಕೊನೇ ಸ್ಟಾಪಿಗೆ ಹೋಗಿ, ನಡ್ಕೊಂಡು ವಾಪಸ್ ಬಂದ ಮಹಾತಾಯಿ!”

ಟವೆಲಕ್ಕ ಇಸ್ತ್ರಿಪೆಟ್ಟಿಗೆಯಿಂದ ತಲೆ ಎತ್ತುವುದಿಲ್ಲ. “ಇನ್ಯಾರು ಹೋಗ್ತಿದ್ರು? ಇವರ ಬಾಯಿ ಕಳಿಸಿದ್ರೆ ಇರೋ ಗಿರಾಕೀನೂ ಓಡಿಹೋಗ್ತಿದ್ರು.”

“ನೋಡಿದ್ರಾ, ಈಗ ನನಗೇ ತಿರುಗಿ ಹೇಳೋ ಧೈರ್ಯ ಬಂದಿದೆ,” ಎಂದು ಅತ್ತಿಗೆ ಹೆಮ್ಮೆಯಿಂದಲೇ ಗೊಣಗುತ್ತಾರೆ.

ಧೈರ್ಯ ಒಂದೇ ಸಲಕ್ಕೆ ಬಂದದ್ದಲ್ಲ. ಮೊದಲ ದಿನ ಟವೆಲಕ್ಕ ಬೇಕರಿಯ ಮುಂದೆ ನಿಂತು, ಬೋರ್ಡಿನ ಮೇಲಿನ ಫೋನ್ ನಂಬರ್ ಬಾಯಿಪಾಠ ಆಗುವ ತನಕ ಓದಿ, ಮನೆಗೆ ಬಂದಿದ್ದರು. ಎರಡನೆಯ ದಿನ ಒಳಗೆ ಹೋದರು, ಸರಿಯಾಗಿ ಗಿರಾಕಿಗಳು ಮುತ್ತಿಕೊಂಡಿದ್ದ ಹೊತ್ತಿಗೆ. ಬೇಕರಿಯವರು ಅಷ್ಟು ಜನರ ಮುಂದೆ ಗದರಿದರು. ಟವೆಲಕ್ಕ ಗಾಬರಿಯಲ್ಲಿ ಒಂದು ಬ್ರೆಡ್ ಕೊಂಡುಕೊಂಡು ಬಂದರಂತೆ.

ಟವೆಲಿನ ತುದಿ ಸಿಕ್ಕಿದ್ದೂ ಉಪಾಯದಿಂದಲ್ಲ. ಓಣಿಯಲ್ಲಿ ಪಾರ್ಲರಿನಾಕೆ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಟವೆಲ್ ಹಿಂಡುತ್ತಿದ್ದರು. ಟವೆಲಿನ ಇನ್ನೊಂದು ತುದಿ ಮಣ್ಣಿಗೆ ಬೀಳುವುದರಲ್ಲಿತ್ತು. “ಬಾಯಿ ಬರ್ಲಿಲ್ಲ ಸಾರ್, ಕೈ ಹೋಯ್ತು,” ಎನ್ನುತ್ತಾರೆ ಟವೆಲಕ್ಕ. “ಅವರು ಒಂದು ತುದಿ, ನಾನು ಒಂದು ತುದಿ. ಕೈಯಲ್ಲಿ ಕೆಲಸ ಇದ್ರೆ ನನಗೆ ಮಾತು ತಾನಾಗೇ ಬರುತ್ತೆ ಅಂತ ಅವತ್ತೇ ಗೊತ್ತಾಗಿದ್ದು. ಅವರಿಗೂ ಅಷ್ಟೆ. ಕೌಂಟರ್ ಹಿಂದೆ ಇದ್ದಾಗ ಎಲ್ಲರೂ ಯಜಮಾನ್ರೇ. ಬಕೆಟ್ ಹತ್ರ ಎಲ್ಲರಿಗೂ ಬೆನ್ನು ನೋಯುತ್ತೆ.”

ಮುಂದೆ ಆದದ್ದು ಕೇಳಿ ನಾನು ಕುಳಿತ ಸ್ಟೂಲಿನಿಂದ ಬೀಳುವುದೊಂದು ಬಾಕಿ. ಪಾರ್ಲರಿನಾಕೆ ಅಲ್ಲೇ, ಆ ಕ್ಷಣವೇ, “ಸರಿ, ನಾಳೆಯಿಂದ ಎಲ್ಲಾ ನೀವೇ ತಗೊಂಡ್ಹೋಗಿ,” ಎಂದರಂತೆ. ‘ಬೇಡ’ ಎನ್ನುವವರಿಗೆ ಏನು ಉತ್ತರ ಹೇಳಬೇಕೆಂದು ರಾತ್ರಿಯಿಡೀ ಉರು ಹೊಡೆದು ಹೋಗಿದ್ದ ಟವೆಲಕ್ಕ ಆ ‘ಸರಿ’ ಕೇಳಿ ಕಲ್ಲಾಗಿ ನಿಂತರು. ಆಮೇಲೆ, “ಯೋಚ್ನೆ ಮಾಡಿ ಹೇಳಿ, ಅವಸರ ಇಲ್ಲ,” ಎಂದು ಓಡಿಯೇ ಬಂದರು.

“ಹೂಂ ಅಂದೋರಿಗೆ ಯೋಚ್ನೆ ಮಾಡಿ ಅಂದು ಬಂದ್ಯಾ?” ಅತ್ತಿಗೆ ಇಂದಿಗೂ ಆ ಆಘಾತದಿಂದ ಚೇತರಿಸಿಕೊಂಡಿಲ್ಲ. “ಮೈಯೆಲ್ಲಾ ನಡುಗ್ತಿತ್ತು ಸಾರ್ ಇವಳಿಗೆ. ಬೈಸ್ಕೊಂಡು ಬಂದ್ಳೇನೋ ಅಂದ್ಕೊಂಡೆ!”

ಅಂದಿನಿಂದ ಲಾಂಡ್ರಿಯಲ್ಲಿ ಪಾಠ ಶುರು. ಅತ್ತಿಗೆ ಇಸ್ತ್ರಿ ಮೇಜಿನ ಹಿಂದೆ ಅಂಗಡಿ ಯಜಮಾನರಾಗಿ ಕೂರುವುದು, ಟವೆಲಕ್ಕ ಬಾಗಿಲಿಂದ ಬಂದು ಕೇಳುವುದು. “ನಮ್ಮನೇಲಿ ಅತ್ತೆ ಒಗೀತಾರೆ, ಹೋಗಮ್ಮ” ಎಂದು ಓಡಿಸುವ ಪಾತ್ರ ಅತ್ತಿಗೆಗೆ ವಿಪರೀತ ಇಷ್ಟವಾಗಿ, ಮಿಕ್ಕ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರಂತೆ. ಆದರೆ ಟವೆಲಕ್ಕನೇ ಒಂದು ದಿನ, “ಬೈದಿದ್ದು ಸಾಕು ಅತ್ತಿಗೆ, ನನಗೆ ಹೂಂ ಅನ್ನಿ,” ಎಂದರು. ಅತ್ತಿಗೆ ಹೂಂ ಎನ್ನುತ್ತಾ ಹೋದರು, ಇವರು ಓಡಿಹೋಗದೆ ನಿಂತು ‘ಎಷ್ಟು ಟವೆಲ್? ಎಷ್ಟು ಹೊತ್ತಿಗೆ ಬರ್ಲಿ?’ ಎಂದು ಕೇಳಲು ಕಲಿತರು.

ಹೀಗೆ ಪಾರ್ಲರು ಬಂತು, ಕ್ಲಿನಿಕ್ಕು ಬಂತು, ಗದರಿದ ಬೇಕರಿಯವರ ಏಪ್ರನ್ನುಗಳೂ ಬಂದವು. ಆದರೂ ಆನೆಯ ಹೊಟ್ಟೆ ಅರ್ಧವೇ ತುಂಬುತ್ತಿತ್ತು. ಮಿಷಿನ್ನು ಕೊಳ್ಳುವವನು ಶನಿವಾರ ಬರುವುದೆಂದು ನಿಗದಿಯಾಗಿತ್ತು. ಉಳಿದದ್ದು ಮೂಲೆಯ ಸಲೂನು. ಆ ಬೀದಿಯ ಮಿಕ್ಕವರೆಲ್ಲ ಏನು ಮಾಡುವುದಿದ್ದರೂ ಆ ಯಜಮಾನರ ಮುಖ ನೋಡುತ್ತಾರೆ. ಅವರು ಮಾತ್ರ ಟವೆಲಕ್ಕನನ್ನು ಕಂಡರೆ ಬಕೆಟ್ಟನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ತುದಿ ಹಿಡಿಯಲು ಬಿಟ್ಟರೆ ತಾನೆ?

“ನಿಮ್ಮ ಆಸೆ ಏನು?” ಎಂದು ಗುರುವಾರ ನಾನು ಕೇಳಿದ್ದೆ. ದೊಡ್ಡ ಲಾಂಡ್ರಿ, ಹತ್ತು ಆನೆ ಎನ್ನುತ್ತಾರೆಂದು ಪೆನ್ನು ಎತ್ತಿ ಕಾದಿದ್ದೆ.

“ಯಾವಾಗಲೂ ನಾನೇ ಹೋಗಿ ತುದಿ ಹಿಡ್ಕೊಳ್ಳೋದು. ಯಾರಾದ್ರೂ ಒಬ್ರು, ಒಂದೇ ಒಂದ್ಸಲ, ಅವರಾಗೇ ನನ್ನ ಕಡೆ ಚಾಚ್ಬೇಕು ಸಾರ್. ಅಷ್ಟೇ.”

ಶುಕ್ರವಾರ ಬೆಳಿಗ್ಗೆ ನಾನು ಅಖಾಡಕ್ಕೆ ಇಳಿದೆ. “ನೀವು ಹೊರಗೇ ಇರಿ, ಇದು ನನಗೆ ಬಿಡಿ,” ಎಂದು ಟವೆಲಕ್ಕನಿಗೆ ಹೇಳಿ, ಸಲೂನಿನ ಬಾಗಿಲು ದಾಟಿ, ಸಿಂಹದಂತೆ ನಿಂತು ಒಂದೇ ಒಂದು ಮಾತು ಆಡಿದೆ. ಯಜಮಾನರ ಕೈಯಿಂದ ಕತ್ತರಿ ಬಿತ್ತು, ಕಣ್ಣಲ್ಲಿ ನೀರು ಬಂತು. “ಸ್ವಾಮೀ, ನನ್ನ ಟವೆಲೆಲ್ಲಾ ನಿಮ್ಮವೇ,” ಎಂದರು. ಶಟರುಗಳ ಕತೆ ನಿಮಗೆ ಆಗಲೇ ಗೊತ್ತಿದೆ.

ಇಷ್ಟು ಬರೆದು, ಪುರವಣಿಗೆ ಕಳಿಸುವ ಮುನ್ನ ಲಾಂಡ್ರಿಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತೇನೆ. ಆನೆ ಸಲೂನಿನ ಟವೆಲುಗಳನ್ನು ಹೊಟ್ಟೆಯಲ್ಲಿ ಗುಡುಗುಡು ತಿರುಗಿಸುತ್ತಿದೆ. ಮಿಷಿನ್ನು ಕೊಳ್ಳಲು ಬಂದವನಿಗೆ ನಿನ್ನೆ ಅತ್ತಿಗೆ, “ಊಟಕ್ಕೆ ಕೂತಿದೆಯಪ್ಪಾ, ಎಬ್ಬಿಸೋಕಾಗಲ್ಲ,” ಎಂದು ಹೇಳಿ ಕಳಿಸಿದ್ದಾರಂತೆ. ಓದಿ ಮುಗಿಸಿ ಚಪ್ಪಾಳೆಗಾಗಿ ಕಾಯುತ್ತೇನೆ.

ಯಾರೂ ಕೈ ಎತ್ತುವುದಿಲ್ಲ. ಟವೆಲಕ್ಕನ ಮುಖ ಬಿಳಿಚಿಕೊಂಡಿದೆ.

“ಅವರು ಇದನ್ನ ಓದಿದ್ರೆ?” ಎನ್ನುತ್ತಾರೆ ಮೆಲ್ಲಗೆ. “ಸಲೂನಲ್ಲಿ ದಿನಾ ಪೇಪರ್ ಹಾಕಿಸ್ಕೊಳ್ತಾರೆ ಸಾರ್. ಇವಳೂ ಸುಳ್ಳುಬುರುಕಿ ಅಂತ ಟವೆಲ್ ವಾಪಸ್ ಕೇಳ್ತಾರೆ.”

ಇದು ನನಗೆ ಹೊಳೆದೇ ಇರಲಿಲ್ಲ.

ಅತ್ತಿಗೆ ಮಡಿಸುತ್ತಿದ್ದ ಬಟ್ಟೆ ಕೆಳಗಿಡುತ್ತಾರೆ. “ಸಾರ್, ಸ್ವಲ್ಪ ಆ ಟೋಪಿ ತೆಗೀರಿ ನೋಡೋಣ.”

“ನೆಗಡಿ ಆಗಿದೆ ಅಮ್ಮ...”

“ತೆಗೀರಿ ಅಂದೆ.”

ತೆಗೆಯುತ್ತೇನೆ. ಹೆಂಗಸರೆಲ್ಲ ಒಟ್ಟಿಗೆ “ಅಯ್ಯಯ್ಯೋ!” ಎನ್ನುತ್ತಾರೆ. ಎಡಗಡೆ ತಲೆಯಲ್ಲಿ ಕೂದಲು ಇದೆ. ಬಲಗಡೆ ಇಲ್ಲ.

ಸರಿ, ನಡೆದದ್ದು ಹೀಗೆ. ನಾನು ಸಲೂನಿನಲ್ಲಿ ಮಾತಾಡಿದ್ದು ಸಿಂಹದಂತೆ ನಿಂತಲ್ಲ, ಕುತ್ತಿಗೆ ತನಕ ಬಟ್ಟೆ ಹೊದ್ದು ಕುರ್ಚಿಯಲ್ಲಿ ಕೂತು. ಕೂತದ್ದು ಹೇಗೆಂದು ಕೊನೆಗೆ ಹೇಳುತ್ತೇನೆ, ಸ್ವಲ್ಪ ನಾಚಿಕೆಯಿದೆ. ಕತ್ತರಿ ಬಲಕಿವಿಯ ಮೇಲೆ ಆಡುತ್ತಿದ್ದಾಗ ಧೈರ್ಯ ತಂದುಕೊಂಡು ಶುರು ಮಾಡಿದೆ: ಈ ಲಾಂಡ್ರಿಯಲ್ಲಿ ನೂರು ಮಿಷಿನ್ನುಗಳಿವೆ, ದೊಡ್ಡ ದೊಡ್ಡ ಆಸ್ಪತ್ರೆಗಳ ಬಟ್ಟೆ ರೈಲಿನಲ್ಲಿ ಬರುತ್ತದೆ. ಕತ್ತರಿ ನಿಂತಿತು.

“ನೂರು ಮಿಷಿನ್ನಾ? ಅಷ್ಟು ದೊಡ್ಡ ಕಡೆ ನನ್ನದೊಂದು ಟವೆಲ್ ಕಳೆದುಹೋದ್ರೆ ಯಾರ ಕಾಲು ಹಿಡೀಲಿ? ಬೇಡಪ್ಪಾ ಬೇಡ. ಆಯಮ್ಮಂಗೂ ಇನ್ನು ಈ ಕಡೆ ಬರಬೇಡ ಅಂತ ಹೇಳ್ಬಿಡಿ.”

ಬಾಗಿಲ ಹೊರಗೆ ಟವೆಲಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಕನ್ನಡಿಯಲ್ಲಿ ನನಗೆ ಅವರ ಮುಖ ಕಂಡಿತು. ನನ್ನ ಸುಳ್ಳಿಗೆ ಒಂದು ತೇಪೆ ಹಚ್ಚುತ್ತಾರೆಂದು ಕಾದೆ. ಅವರು ಒಳಗೆ ಬಂದು ಅಂದರು:

“ನೂರಲ್ಲ ಅಣ್ಣಾ, ಒಂದೇ. ಅದೂ ಅರ್ಧ ದಿನ ಸುಮ್ನೆ ನಿಂತಿರುತ್ತೆ. ನಿಮ್ಮ ಟವೆಲ್ ಬರದಿದ್ರೆ ನಾಳೆ ಮಾರಿಬಿಡ್ತಾರೆ. ಹೋದ ತಿಂಗಳು ಬೇಕರಿಯವರ ಬಿಳೀ ಏಪ್ರನ್‌ಗೆ ಕೆಂಪು ಹತ್ತಿಸಿಬಿಟ್ವಿ. ಹೊಸದು ತಂದುಕೊಟ್ವಿ, ಬೇಕಾದ್ರೆ ಅವರನ್ನೇ ಕೇಳಿ. ಕಳೆದುಹೋದ್ರೆ ಯಾರ ಕಾಲೂ ಹಿಡೀಬೇಡಿ. ದಿನಾ ಇದೇ ಓಣೀಲಿರ್ತೀನಿ, ನನ್ನನ್ನೇ ಹಿಡ್ಕೊಳ್ಳಿ.”

ನಾನು ಬಾಯಿ ತೆರೆದೆ. ಕತ್ತರಿಸಿದ ಕೂದಲು ಬಾಯೊಳಗೆ ಹೋಯಿತು. ತಮ್ಮ ತಪ್ಪನ್ನು ತಾವೇ ಎತ್ತಿ ಗಿರಾಕಿಯ ಮುಂದಿಡುವವರನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಯಜಮಾನರೂ ಕಂಡಿರಲಿಲ್ಲ ಎಂದು ಕಾಣುತ್ತದೆ. ‘ಹೂಂ’ ಎನ್ನಲಿಲ್ಲ. ಕತ್ತರಿ ಕೆಳಗಿಟ್ಟು, ಹಿಂಬಾಗಿಲಿಗೆ ನಡೆದು, ಬಕೆಟ್ಟಿನಿಂದ ನೀರು ಸೋರುವ ಟವೆಲೊಂದನ್ನು ಎತ್ತಿ, ಒಂದು ತುದಿ ತಾವು ಹಿಡಿದು ಇನ್ನೊಂದನ್ನು ಟವೆಲಕ್ಕನ ಕಡೆ ಚಾಚಿದರು.

ಟವೆಲಕ್ಕ ಕಲ್ಲಾಗಿ ನಿಂತರು. ಈಗ ಓಡಿಹೋಗುತ್ತಾರೆ ಎಂದುಕೊಂಡೆ. ಓಡಲಿಲ್ಲ. ತುದಿ ಹಿಡಿದು, ಬಿಗಿಯಾಗಿ ತಿರುಚಿ ಕೇಳಿದರು: “ನಾಳೆ ಎಷ್ಟೊತ್ತಿಗೆ ಬರ್ಲಿ ಅಣ್ಣಾ?”

ಅವರಿಬ್ಬರೂ ಟವೆಲ್ ಎಣಿಸಲು ಕೂತರು. ನನ್ನ ಎಡಗಡೆಯ ತಲೆಯ ನೆನಪು ಯಾರಿಗೂ ಬರಲಿಲ್ಲ. ನೆನಪು ಮಾಡುವ ಮುಖ ನನಗೂ ಇರಲಿಲ್ಲ. ಟೋಪಿ ಹಾಕಿಕೊಂಡು ಬಂದುಬಿಟ್ಟೆ.

ಕನ್ನಡಿ ತಲೆದೂಗಲಿಲ್ಲ, ಶಟರುಗಳನ್ನು ಅವರವರೇ ಕೈಯಿಂದ ಎತ್ತಿದರು. ದಿನಕ್ಕೆ ಹತ್ತೋ ಹನ್ನೆರಡೋ ಬಾಗಿಲು, ಒಂಬೈನೂರಲ್ಲ. ಇನ್ನು ಆ ನನ್ನ ಒಂದೇ ಒಂದು ಮಾತು: ನಾನು ಬಾಗಿಲು ದಾಟುತ್ತಲೇ ಯಜಮಾನರು ತಲೆಯೆತ್ತಿ, “ಕಟಿಂಗಾ, ಶೇವಿಂಗಾ?” ಎಂದರು. ಉರು ಹೊಡೆದದ್ದೆಲ್ಲ ಮರೆತುಹೋಯಿತು.

“ಎರಡೂ,” ಎಂದೆ.