ಮೇಲೇ ಉಳಿದ ಎಂಡಿ

ಹೂವಿನಿಂದ ಅಲಂಕರಿಸಿದ ಫೋರ್ಕ್‌ಲಿಫ್ಟ್ ಎಂಡಿಯವರನ್ನು ಒಂದು ಮಹಡಿಯಷ್ಟು ಮೇಲಕ್ಕೆತ್ತಿತು. ಅವರು ಅಲ್ಲಿಂದಲೇ ನಮಗೆಲ್ಲ ಕೈ ಮುಗಿದರು. ಆಮೇಲೆ ವೇದಿಕೆಗೆ ಇಳಿಸಬೇಕಿತ್ತು, ಯಂತ್ರ ಇಳಿಸಲಿಲ್ಲ.

ಪೀಣ್ಯದ ಆ ಫೋರ್ಕ್‌ಲಿಫ್ಟ್ ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ನಮ್ಮ ಮಾಲೀಕರು ನನ್ನನ್ನು ಕಳುಹಿಸಿದ್ದರು, ಗೋದಾಮಿಗೊಂದು ಯಂತ್ರ ನೋಡಿಕೊಂಡು ಬನ್ನಿ ಎಂದು. ಕೆಳಗೆ ಮೆಕ್ಯಾನಿಕ್‌ಗಳು ಒದ್ದಾಡುತ್ತಿದ್ದರೆ, ಎಂಡಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೈಕು ಹಿಡಿದು, "ಹೆಂಗೂ ಮೇಲಿದ್ದೀನಲ್ಲ, ನಮ್ಮ ಕಂಪನಿ ಹಿಸ್ಟರಿ ಹೇಳ್ಬಿಡ್ತೀನಿ" ಎಂದರು. ಅವರ ತಂದೆಯ ಶೆಡ್ಡಿನಲ್ಲಿ ತಳ್ಳುಗಾಡಿಯಿಂದ ಶುರುವಾದ ಕಥೆ ಡೀಸೆಲ್ ಯಂತ್ರಕ್ಕೆ ಬಂತು, ಬ್ಯಾಟರಿ ಯಂತ್ರಕ್ಕೂ ಬಂತು. ಅವರು ಮಾತ್ರ ಕೆಳಗೆ ಬರಲಿಲ್ಲ. ಅವರು ಇಳಿಯದೆ ಊಟ ಬಡಿಸುವಂತಿಲ್ಲವಾದ್ದರಿಂದ ನಾವೂ ಕತ್ತೆತ್ತಿ ಕೇಳಿದೆವು.

ಕೊನೆಗೆ ಪಕ್ಕದ ಕಾರ್ಖಾನೆಯಿಂದ ಇನ್ನೊಂದು ಫೋರ್ಕ್‌ಲಿಫ್ಟ್ ತಂದರು. ಅದು ಎದುರಾಳಿ ಕಂಪನಿಯದು. ಮ್ಯಾನೇಜರ್ ಓಡಿಬಂದು, ಎಂಡಿಗೆಂದು ತಂದಿದ್ದ ಸನ್ಮಾನದ ಶಾಲನ್ನು ಅದರ ಮೇಲಿನ ಹೆಸರು ಕಾಣದಂತೆ ಹೊದಿಸಿದರು. "ನಮ್ಮ ಗಾಡಿ ಯಾವತ್ತೂ ಕೈ ಕೊಡಲ್ಲ" ಎನ್ನುತ್ತಲೇ ಎಂಡಿ ಅದರ ಮೇಲೆ ಕಾಲಿಟ್ಟು ಸಲೀಸಾಗಿ ಇಳಿದರು. ನಾವೆಲ್ಲ ಚಪ್ಪಾಳೆ ತಟ್ಟಿ ಊಟಕ್ಕೆದ್ದೆವು.

ಮರುದಿನ ಮಾಲೀಕರು, "ಯಾವುದು ತಗೊಳ್ಳೋಣ್ರೀ?" ಎಂದು ಕೇಳಿದರು. ಕಾರ್ಖಾನೆಯವರು ಕೊಟ್ಟಿದ್ದ ದಪ್ಪ ಕ್ಯಾಟಲಾಗನ್ನು ನಾನು ತೆರೆಯಲೇ ಇಲ್ಲ. "ಶಾಲು ಹೊದ್ಕೊಂಡಿತ್ತಲ್ಲ, ಅದು ಸಾರ್" ಎಂದೆ.