ಕುಣಿಗಲ್‌ಗೆ ಮೊದಲ್ನೇ ರೈಲು ತಂದೋಳು ನಾನು

ಹಳೇ ರೈಲಿನ ಫೋಟೋ ಹುಡುಕಿ ಹುಡುಕಿ ಈ ಗ್ರೂಪ್‌ಗೆ ಹಾಕ್ತೀರಲ್ಲ, ನಿಮ್ಮೆಲ್ರಿಗೂ ಒಂದ್ಮಾತು. ಕುಣಿಗಲ್‌ಗೆ ಮೊದಲ್ನೇ ರೈಲು ಯಾವತ್ತು ಬಂತು ಅಂತ ಜಗಳ ಆಡ್ಬೇಡಿ. ಅದು ಬಂದಿದ್ದು ಅರವತ್ತರ ದಶಕದಲ್ಲಿ, ನಮ್ಮತ್ತೆ ಮನೆ ನಡುಮನೆಗೆ. ತಂದೋಳು ನಾನು. ಫೋಟೋ ಇಲ್ಲ. ಫೋನಲ್ಲಿ ಟೈಪ್ ಮಾಡೋದು ಈಗಷ್ಟೇ ಕಲ್ತಿದೀನಿ, ಒಂದೇ ಬೆರಳು, ಅವಸರ ಮಾಡ್ಬೇಡಿ.

ನನ್ನ ತವರು ಗುಬ್ಬಿ. ಸ್ಟೇಷನ್ ಹಿಂದ್ಗಡೆನೇ ಮನೆ. ಆಗ ಮೀಟರ್ ಗೇಜು, ಕಲ್ಲಿದ್ದಲ ಇಂಜಿನ್ನು, ಒಗೆದು ಹಾಕಿದ ಬಟ್ಟೆ ಮೇಲೆಲ್ಲ ಮಸಿ ಚುಕ್ಕಿ. ನೀವು ಸಿಗ್ನಲ್ ಅಂತೀರಲ್ಲ, ಅದಕ್ಕೆ ನಾವು ಕೈಮರ ಅಂತಿದ್ವಿ. ಅದರ ಕೈ ಕೆಳಗೆ ಬಿತ್ತು ಅಂದ್ರೆ ತುಮಕೂರು ಗಾಡಿ ಬಂತು ಅಂತ. ಅಮ್ಮ ಅನ್ನಕ್ಕೆ ಎಸರಿಡೋದೂ ಅದನ್ನ ನೋಡ್ಕೊಂಡೇ. ಪ್ಲಾಟ್‌ಫಾರ್ಮಲ್ಲಿ ಒಂದು ತುಂಡು ಕಂಬಿ ನೇತಾಕಿದ್ರು, ಬಡಿದ್ರೆ ಅದೇ ಗಂಟೆ. ಇದನ್ನೆಲ್ಲ ಬಿಡ್ಸಿ ಮದ್ವೆ ಮಾಡಿ ಕುಣಿಗಲ್‌ಗೆ ಕಳಿಸಿದ್ರು. ಅಲ್ಲಿ ರೈಲೇ ಇಲ್ಲ! ಬರೀ ಬಸ್ಸು. ಎಂಥಾ ಊರಪ್ಪಾ ಅಂತ ಒಳಗೊಳಗೇ ಬೈಕೊಂಡೆ.

ದಸರಾ ಬಂತು. ನಮ್ಮತ್ತೆ ಗೊಂಬೆ ಕೂರ್ಸೋದು ಅಂದ್ರೆ ಬೀದಿಗೆಲ್ಲ ಹೆಸರುವಾಸಿ. ಮೆಟ್ಟಿಲ ಮೇಲೆ ಪಟ್ಟದ ಗೊಂಬೆ, ದೇವ್ರು. ಕೆಳಗೆ ನೆಲದ ಮೇಲೆ ಮಣ್ಣು ಹರಡಿ, ರಾಗಿ ಚೆಲ್ಲಿ, ಪೈರು ಬರ್ಸಿ ಪಾರ್ಕು. "ಹೊಸ ಸೊಸೆ, ಪಾರ್ಕು ನೀನೇ ಮಾಡೇ" ಅಂದ್ರು. ಅಷ್ಟೇ ಸಾಕಿತ್ತು ನಂಗೆ.

ತೆಂಗಿನ ಕಡ್ಡೀಲಿ ಕಂಬಿ. ಪೌಡರ್ ಡಬ್ಬಿ ಇಂಜಿನ್ನು, ಕೋಟಿನ ಗುಂಡಿ ಚಕ್ರ, ಬೆಂಕಿಪೊಟ್ಟಣದ ಡಬ್ಬಿಗಳು, ಒಳಗೆ ಹುಣಸೆಬೀಜದ ಪ್ಯಾಸೆಂಜರ್‌ಗಳು. ಗುಬ್ಬಿ ಸ್ಟೇಷನ್ನು ಕೈಮರ, ಗಂಟೆ ಸಮೇತ ನೆನಪಿಂದಾನೇ ಎದ್ದು ನಿಂತ್ಕೊಂತು. ಓಡ್ಸೋದು ಹೆಂಗೆ? ಅತ್ತೆ ಹೊಲಿಗೆ ಮಿಷನ್ನಲ್ಲಿ ಬಾಬಿನ್‌ಗೆ ದಾರ ಸುತ್ತೀವಲ್ವಾ, ಆ ದಾರದ ತುದಿ ಇಂಜಿನ್‌ಗೆ ಕಟ್ದೆ. ಮಿಷನ್ ತುಳಿದ್ರೆ ದಾರ ಸುತ್ಕೊಳ್ತದೆ, ರೈಲು ಮುಂದಕ್ಕೆ ಹೋಗ್ತದೆ. ಮಿಷನ್ ಮುಂದೆ ಒಂದು ಸೀರೆ ಪರದೆ.

ಅತ್ತೆ ಬಂದು ಸೊಂಟದ ಮೇಲೆ ಕೈಯಿಟ್ಕೊಂಡು ನಿಂತ್ರು. "ದೇವ್ರ ಮುಂದೆ ಹೊಗೆ ಬುಡೋ ಗಾಡಿ ಏನೇ?"

"ಹೊಗೆ ಅಲ್ಲ ಅತ್ತೆ. ಡಬ್ಬಿ ಒಳಗೆ ಸಾಂಬ್ರಾಣಿ ಹಾಕಿದೀನಿ."

ಸಾಂಬ್ರಾಣಿಗೆ ಬೇಡ ಅನ್ನೋಕಾಗತ್ತಾ? ಇನ್ನೊಂದು ತುದೀಲಿ ನೆಟ್ಟಿದ್ದ ಬೋರ್ಡ್ ನೋಡಿದ್ರು. ಕುಣಿಗಲ್ ಅಂತ ಬರ್ದಿದ್ದೆ.

"ನಮ್ಮೂರ್ಗೆ ಎಲ್ಲೇ ರೈಲು?"

"ಇಲ್ಲಾಂತಾನೇ ಹಾಕ್ತಿದೀನಿ ಅತ್ತೆ."

"ಬಂದೋರು ನಕ್ರೆ, ನೋಡು, ರೈಲು ಅಟ್ಟಕ್ಕೆ. ಇನ್ಯಾವತ್ತೂ ಕೆಳಗಿಳಿಯಾಕಿಲ್ಲ."

ಅಂದ್ರೆ ನನ್ನ ಗುಬ್ಬಿನೇ ಅಟ್ಟಕ್ಕೆ.

ಪೂಜೆ ದಿನ ಹೆಂಗಸರು, ಮಕ್ಕಳು ನಡುಮನೆ ತುಂಬ ಕೂತ್ರು. ಸಾಂಬ್ರಾಣಿ ಹಚ್ಚಿ, ಗಂಟೆ ಬಡಿದು, ಪರದೆ ಹಿಂದೆ ಹೋಗಿ ತುಳಿದೆ. ಗುಬ್ಬಿ ಬಿಟ್ಟ ರೈಲು ಅರ್ಧ ದಾರೀಲಿ ನಿಂತೋಯ್ತು. ಇಣುಕಿದ್ರೆ, ಇಂಜಿನ್ನು ಹಸಿರಲ್ಲಿ ಮೂತಿ ಹಾಕ್ಕೊಂಡು ಹಸು ಥರ ನಿಂತಿದೆ! ಚೆಂದ ಕಾಣ್ಲಿ ಅಂತ ಕಂಬಿಗಳ ಮಧ್ಯಕ್ಕೂ ರಾಗಿ ಚೆಲ್ಲಿ ದಿನಾ ನೀರು ಚಿಮುಕಿಸಿದ್ನಲ್ಲ. ಮೊದ್ಲು ಓಡ್ಸಿ ನೋಡ್ದಾಗ ಅದು ಬರೀ ಮೊಳಕೆ. ಈಗ ಡಬ್ಬಿ ಎತ್ತರ ಬೆಳ್ದು ಚಕ್ರಕ್ಕೆಲ್ಲ ಸುತ್ಕೊಂಡಿತ್ತು.

ಎದುರುಮನೆ ಯಜಮಾನ್ತಿಗೂ ನಮ್ಮತ್ತೆಗೂ ಗೊಂಬೆ ವಿಷ್ಯದಲ್ಲಿ ಪ್ರತಿ ವರ್ಷ ಪೈಪೋಟಿ. ಆಕೆ ಬಾಯಿಗೆ ಸೆರಗು ಅಡ್ಡ ಹಿಡ್ದು ಕಿಸಕ್ ಅಂದ್ರು. "ಕುಣಿಗಲ್‌ಗೆ ನಿಜವಾದ್ ರೈಲೂ ಬರಲ್ಲ, ಗೊಂಬೆ ರೈಲೂ ಬರಲ್ಲ ಬುಡಿ ಅಕ್ಕ!"

ಎಲ್ರೂ ನಕ್ರು. ಮುಗೀತು, ಅಟ್ಟನೇ ಗತಿ ಅಂತ ಮಿಷನ್ ಮೇಲಿಂದ ಕಾಲು ತೆಗೆದೆ. ಅಷ್ಟರಲ್ಲಿ ಪರದೆ ಸರಿಸಿ ಅತ್ತೆ ಕೈ ಒಳಗೆ ಬಂತು. ಮಿಷನ್ ಮೇಲಿದ್ದ ಕತ್ತರಿ ತಗೊಂಡು ಹೊರಟೋಯ್ತು. ರೇಷ್ಮೆ ಸೀರೆಲಿ ಮಂಡಿ ಊರಿ ಕೂತ್ರು ನಮ್ಮತ್ತೆ! ಕಚಕ್ ಕಚಕ್ ಅಂತ ಕಂಬಿ ಉದ್ದಕ್ಕೂ ರಾಗಿ ಕ್ಷೌರ.

"ನಮ್ಮೂರ್ಗೆ ರೈಲು ಬರಾಕಿಲ್ಲ ಅಂದೋರು ಯಾರು? ಲೈನ್ ಕ್ಲಿಯರ್ ಆಗಿರ್ಲಿಲ್ಲ, ಅಷ್ಟೆಯಾ" ಅಂದ್ರು, ಎದುರುಮನೆಯಾಕೆ ಮುಖ ನೋಡ್ಕೊಂಡೇ. ತಮ್ಮ ಕೈಯಾರೆ ಕೈಮರದ ಕೈ ಕೆಳಗೆ ಬೀಳ್ಸಿದ್ರು. "ತುಳಿಯೇ ಗುಬ್ಬಿಯವ್ಳೇ!"

ತುಳಿದೆ ನೋಡಿ! ಘಮಘಮ ಹೊಗೆ ಬಿಟ್ಕೊಂಡು, ರಾಗಿ ಹೊಲ ಸೀಳ್ಕೊಂಡು ಬಂತು ನನ್ನ ರೈಲು. ಹುಣಸೆಬೀಜಗಳೆಲ್ಲ ಗಡಗಡ. ಬೋರ್ಡ್ ಮುಂದೆ ನಿಂತಾಗ ಮಕ್ಕಳು ಕಿರುಚಿದ್ ಕಿರುಚಾಟಕ್ಕೆ ಬೀದಿಯೋರೆಲ್ಲ ಬಾಗ್ಲಿಗೆ ಬಂದ್ರು. "ಕುಣಿಗಲ್! ಇಳೀರಿ, ಇಳೀರಿ!" ಅಂತ ಕೂಗ್ದೋರು ನಮ್ಮತ್ತೆ. ಎದುರುಮನೆಯಾಕೆ ಬಾಯಿಂದ ಸೆರಗು ತೆಗೆದು, "ಇನ್ನೊಂದ್ಸಲ ಬುಡ್ಸಿ ಅಕ್ಕ" ಅಂದ್ರು. ಅತ್ತೆ ಗತ್ತು ನೋಡ್ಬೇಕಿತ್ತು ನೀವು. "ಕುಂಕುಮ ತಗೊಳ್ಳಿ ಮೊದ್ಲು. ಗಾಡಿ ನೀರು ಕುಡೀಬೇಕು" ಅಂದ್ರು!

ಮುಂದಿನ ದಸರಾಕ್ಕೆ ನಾನು ಮಣ್ಣು ಹರಡೋಷ್ಟರಲ್ಲಿ ಅತ್ತೆನೇ ಅಟ್ಟದಿಂದ ಗೊಂಬೆ ಇಳಿಸ್ತಿದ್ರು. ಮೊದ್ಲು ಇಳಿದಿದ್ದು ದೇವ್ರಲ್ಲ, ಪೌಡರ್ ಡಬ್ಬಿ. ರಾಗಿ ಚೆಲ್ಲೋವಾಗ ಕಂಬಿ ಮೇಲೆ ಒಂದ್ ಕಾಳೂ ಬೀಳ್ದಿರ್ಲಿ ಅಂತ ಸೆರಗು ಹರಡಿ ಹಿಡ್ಕೊಂಡು ಕೂತಿದ್ರು.