ಕಾಕಿಯವರು ಪಾಲು ಮಾಡಿದ ಗುಳಿಗೆಗಳು

ಮಾನ್ಯ ಓದುಗರಲ್ಲಿ ವಿನಂತಿ. ನಾನು ಇದುವರೆಗೆ ಅರ್ಜಿಗಳ ಹೊರತು ಬೇರೇನನ್ನೂ ಬರೆದವಳಲ್ಲ. ನನ್ನ ಅಕ್ಷರ ಸೊಟ್ಟಗಿದೆ, ಕಾಗುಣಿತವೂ ಅಷ್ಟಕ್ಕಷ್ಟೆ. ಆದ್ದರಿಂದ ಮೊದಲೇ ಕ್ಷಮೆ ಕೋರುತ್ತೇನೆ.

ಮೊನ್ನೆ ವಿಜಯಪುರದ ಗಾಂಧಿ ಚೌಕದ ಔಷಧಿ ಅಂಗಡಿಯಲ್ಲಿ ನಿಂತಿದ್ದಾಗ, ಮುಂದಿದ್ದ ಹಿರಿಯರೊಬ್ಬರ ಕೈಯಲ್ಲಿ ಇಟ್ಟಿಗೆ ಬಣ್ಣದ ಗುಳಿಗೆಗಳು ಕಂಡವು. ಅವು ಕ್ಷಯರೋಗಕ್ಕೆ ಮೊದಲು ಕೊಡುವ ಗುಳಿಗೆಗಳೆಂದು ಕೂಡಲೇ ಗುರುತು ಸಿಕ್ಕಿತು. ಬಬಲೇಶ್ವರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಿಯವರು ನೆನಪಾದರು...

ಅವರು ನಮಗೆ ಸಂಬಂಧಿಕರಲ್ಲ, ಓಣಿಗೆಲ್ಲ ಕಾಕಿ. ಅವರಿಗೆ ಕ್ಷಯ ತಗುಲಿದಾಗ ಆಸ್ಪತ್ರೆಯ ಸಿಸ್ಟರ್ ಮನೆಗೇ ಬಂದು ಗುಳಿಗೆಗಳನ್ನು ಕೊಟ್ಟು, ಮೂತ್ರ ಕೆಂಪಾಗುವುದೆಂದೂ ಅದಕ್ಕೆ ಹೆದರಬಾರದೆಂದೂ, ಒಂದು ಗುಳಿಗೆಯನ್ನೂ ಬಿಡಬಾರದೆಂದೂ ತಿಳಿಸಿದ್ದರು. ಕೆಲವೇ ವಾರಗಳಲ್ಲಿ ಜ್ವರ ಇಳಿದು ಕಾಕಿಯವರ ಮುಖಕ್ಕೆ ಕಳೆ ಬಂದಿತ್ತು.

ಆಗಲೇ ಅವರ ಮೈದುನನ ಹೆಂಡತಿ, ಅಂದರೆ ನೆಗೆಣ್ಣಿ, ಕೆಮ್ಮತೊಡಗಿದರು. ಜೋಳ ಹಸನು ಮಾಡಲು ಕುಳಿತರೆ ಧೂಳಿಗೆ ಉಸಿರೇ ಕಟ್ಟುತ್ತಿತ್ತು. ಆ ಮನೆಯಲ್ಲಿ ಏನೇ ಬಂದರೂ ಇಬ್ಬರೂ ಸಮಪಾಲು ಮಾಡಿಕೊಳ್ಳುವುದು ರೂಢಿ. ಕುಪ್ಪಸದ ಕಣವಾದರೂ ಸರಿ, ಹಿಡಿ ಶೇಂಗಾ ಆದರೂ ಸರಿ.

ಒಂದು ಬೆಳಗ್ಗೆ ನಾನು ಅವರ ಅಂಗಳದಲ್ಲಿ ಶಾವಿಗೆ ಒಣಗಿಸಲು ನೆರವಾಗುತ್ತಿದ್ದೆ. ಸಿಸ್ಟರ್ ಕೂಡ ವಿಚಾರಿಸಲು ಬಂದಿದ್ದರು. ಬಚ್ಚಲಿನ ಕಡೆಯಿಂದ ನೆಗೆಣ್ಣಿ ಓಡಿಬಂದರು.

“ಯಕ್ಕಾ, ರಕ್ತ ಹೋಗಾಕತ್ತೈತಿ ಬೇ! ನಾ ಉಳಿಯಂಗಿಲ್ಲ!”

ಕಾಕಿಯವರು ನಕ್ಕುಬಿಟ್ಟರು. “ಹುಚ್ಚಿ, ಸುಮ್ನಿರ. ಅದು ಗುಳಿಗಿ ಬಣ್ಣ.”

“ಗುಳಿಗಿ ಕೊಟ್ಟಿದ್ದು ನಿಮಗ. ಬಣ್ಣ ಇವರಿಗೆ ಹ್ಯಾಂಗ ಬಂತ್ರಿ?” ಎಂದು ಸಿಸ್ಟರ್ ಕೇಳಿದರು.

ಕಾಕಿಯವರ ನಗು ಅಲ್ಲಿಗೇ ನಿಂತಿತು. ತಗ್ಗಿದ ದನಿಯಲ್ಲಿ ಹೇಳಿದರು: “ಈಕಿ ಮಗಳಿಗೆ ಟಿಕೋಟಾದಾಗ ಮಾತುಕತಿ ನಡದೈತ್ರಿ. ಒಂದ ಮನ್ಯಾಗ ಇಬ್ರಿಗೆ ಈ ಬ್ಯಾನಿ ಅಂದ್ರ ಹುಡುಗೀನ ಯಾರ ಮಾಡ್ಕೊತಾರ? ಅದಕ್ಕ ನನ್ನ ಗುಳಿಗ್ಯಾಗ ಅರ್ಧಾ ಈಕಿಗೆ ಕೊಟ್ಟೇನಿ. ನನಗ ಆರಾಮ ಆಗೈತಿ, ಈಕಿಗೂ ಆಗ್ಲಿ ಅಂತ...”

ಸಿಸ್ಟರ್ ತಲೆಯ ಮೇಲೆ ಕೈಯಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತರು.

ಇಬ್ಬರನ್ನೂ ವಿಜಯಪುರಕ್ಕೆ ಕರೆದೊಯ್ದು ಪರೀಕ್ಷೆ ಮಾಡಿಸಲಾಯಿತು. ನೆಗೆಣ್ಣಿಗೆ ಕ್ಷಯ ಇರಲೇ ಇಲ್ಲ. ಅದು ಉಬ್ಬಸ, ಅದಕ್ಕೆ ಬಾಯಿಂದ ಎಳೆದುಕೊಳ್ಳುವ ಬೇರೆಯೇ ಔಷಧಿ ಬೇಕಾಗಿತ್ತು. ಕೆಮ್ಮು ಒಂದೇ ತೆರನಾಗಿ ಕೇಳಿಸಿದರೂ ರೋಗ ಬೇರೆಯಾಗಿತ್ತು. ಇತ್ತ ಅರ್ಧ ಪ್ರಮಾಣದ ಗುಳಿಗೆಗೆ ಸಾಯದ ಕಾಕಿಯವರ ರೋಗವು ಮೊದಲಿನ ಔಷಧಿಗಳಿಗೆ ಬಗ್ಗದಷ್ಟು ಗಟ್ಟಿಯಾಗಿತ್ತು. ಮುಂದಿನ ಹಂತದ ಔಷಧಿಗಳನ್ನು ಆರಂಭಿಸಿದರು. ಅವು ಊಟ ಸೇರಗೊಡಲಿಲ್ಲ, ಕಿವಿ ಮಂದವಾಯಿತು... ಚಿಕಿತ್ಸೆ ಮುಗಿಯುವ ಮೊದಲೇ ಕಾಕಿಯವರು ತೀರಿಕೊಂಡರು. ಹುಡುಗಿಯ ಮದುವೆ ಟಿಕೋಟಾದಲ್ಲಿ ನಿಗದಿಯಂತೆಯೇ ನಡೆಯಿತು.

ಗಾಂಧಿ ಚೌಕದಿಂದ ಮರಳಿದ ಮರುದಿನ ನಾನು ಬಬಲೇಶ್ವರಕ್ಕೆ ಹೋಗಿದ್ದೆ. ನೆಗೆಣ್ಣಿ ಈಗ ಚೆನ್ನಾಗಿ ಉಸಿರಾಡುತ್ತಾರೆ. ಚಹಾ ಕೊಟ್ಟು ಎದುರು ಕುಳಿತರು. “ಕೆಮ್ಮಿದಾಕಿ ನಾ, ಹ್ವಾದಾಕಿ ಅಕಿ” ಎಂದರು.

ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ದಯವಿಟ್ಟು ತಿದ್ದಿ ಓದಿಕೊಳ್ಳಬೇಕಾಗಿ ಕೋರುತ್ತೇನೆ.